ಬೀಡಿ ಕಟ್ಟಿದ ಬೆರಳು

ಪುಣೆಯ ಕೋಥ್ರೂಡ್, ಸದಾಶಿವ ಪೇಠೆಗಳಲ್ಲಿ ಮಕ್ಕಳು ಪರದೇಶಕ್ಕೆ ಹೋಗಿ ಮುದುಕರಷ್ಟೇ ಉಳಿದ ಮನೆಗಳು ಬಹಳ. ಹಾಸಿಗೆ ಹಿಡಿದವರನ್ನು ಅಲ್ಲಿ ನೋಡಿಕೊಳ್ಳುವವರು ಮಾವಶಿಯರು. ಆಳು ಒದಗಿಸುವ ಬ್ಯೂರೊದವರು ಅವರನ್ನು ಕಳಿಸಿಕೊಡುತ್ತಾರೆ. ಹನ್ನೆರಡು ತಾಸಿನ ಡ್ಯೂಟಿ, ಇಲ್ಲವೇ ಹಗಲೂ ರಾತ್ರಿ. ನಾನು ಕಂಡ ಹೆಚ್ಚಿನವರು ನಲವತ್ತು ದಾಟಿದ ಮೇಲೆ ಈ ಕೆಲಸ ಹಿಡಿದವರು: ಮೆಸ್ಸಿನಲ್ಲಿ ಚಪಾತಿ ಲಟ್ಟಿಸುತ್ತಿದ್ದವರು, ಹೊಲಿಗೆಯವರು, ಕೊರೊನಾದಲ್ಲಿ ಅಂಗಡಿಯ ಕೆಲಸ ಕಳೆದುಕೊಂಡವರು.

ನಮ್ಮವ್ವನಿಗೆ ಲಕ್ವಾ ಹೊಡೆದಾಗ ಬಂದ ಮಾವಶಿ ಸೊಲ್ಲಾಪುರದವರು, ಮನೆಮಾತು ಕನ್ನಡ. ವರ್ಷಗಟ್ಟಲೆ ಬೀಡಿ ಕಟ್ಟಿ ಮಕ್ಕಳನ್ನು ಓದಿಸಿದವರು. ಎರಡೆರಡು ತಾಸಿಗೆ ಅವ್ವನ ಮಗ್ಗುಲು ಬದಲಿಸುವಾಗ ಅವರು ಎಳೆಯುತ್ತಿರಲಿಲ್ಲ. ಕೆಳಗಿನ ಹಾಸು ಸುತ್ತಿ ಹಿಡಿದು, ಮೊಣಕಾಲು ಬಗ್ಗಿಸಿ, “ಅವ್ವಾ, ಈಗ ಹೊಳ್ಳೂಣ್ರಿ” ಎಂದು ಹೇಳಿಯೇ ತಿರುಗಿಸುತ್ತಿದ್ದರು. ಆಮೇಲೆ ಟೊಂಕದ ಕೆಳಗಿನ ಎಲುಬಿನ ಮೇಲೆ ಬೆರಳಾಡಿಸುವರು. ಒಂದು ದಿನ “ಇಲ್ಲಿ ಬಿಸಿ ಹತ್ತಾಕತ್ತೈತ್ರಿ ಅಕ್ಕಾರ” ಎಂದರು. ನನ್ನ ಕಣ್ಣಿಗೆ ಏನೂ ಕಾಣಲಿಲ್ಲ. ಮರುದಿನ ಚರ್ಮ ಅಲ್ಲೇ ಕೆಂಪಾಯಿತು. ತೆಳ್ಳನೆಯ ತೆಂಡು ಎಲೆ ಹರಿಯದಂತೆ ಸುತ್ತಿದ ಬೆರಳಿಗೆ ಮುದಿ ಚರ್ಮದ ನಾಜೂಕು ಗೊತ್ತಾಗುತ್ತದೆಂದೇ ನಾನು ನಂಬಿದ್ದೇನೆ. ಅವ್ವನಿಗೆ ಹಾಸಿಗೆ ಹುಣ್ಣು ಆಗಲಿಲ್ಲ.

ಹೀಗೆ ನೋಡಿಕೊಳ್ಳುವುದನ್ನು ಆ ಮಾವಶಿಗೆ ಕಲಿಸಿದವರು ಯಾರು? ಬ್ಯೂರೊದವರಲ್ಲ, ಹಳೆಯ ಮಾವಶಿಯೊಬ್ಬರು. ಆದರೆ ಕಲಿಸಿ ಕೆಲಸಕ್ಕೆ ಹಚ್ಚುವುದು ಈ ಊರಿಗೆ ಹೊಸದಲ್ಲ. ಇದೇ ಪುಣೆಯಲ್ಲಿ 1909ರಲ್ಲಿ ರಮಾಬಾಯಿ ರಾನಡೆಯವರು ಸೇವಾಸದನ ಕಟ್ಟಿದರು. ಮನೆಯ ಮೂಲೆ ಹಿಡಿದಿದ್ದ ವಿಧವೆಯರು ಅದರ ಆಸರೆಯಲ್ಲಿ ಸಸೂನ್ ಆಸ್ಪತ್ರೆಯಲ್ಲಿ ನರ್ಸಿಂಗ್ ಕಲಿತರು. ಪರರ ಮೈ ಮುಟ್ಟುವ ಕೆಲಸ ಮರ್ಯಾದಸ್ಥರದಲ್ಲ ಎನ್ನುತ್ತಿದ್ದ ಕಾಲವದು. ಆಗ ಕಲಿಸಿ ಕೆಲಸ ಕೊಟ್ಟರು. ಈಗ ಕಲಿಸದೆಯೇ ರೋಗಿಯ ಮನೆಗೆ ಕಳಿಸುತ್ತೇವೆ.

ನನಗೆ ಹೆಚ್ಚು ಸಂಕಟವಾಗುವುದು ಇನ್ನೊಂದಕ್ಕೆ. ಬೀಡಿ ಕೆಲಸಗಾರರಿಗೆಂದೇ 1966ರಲ್ಲಿ ಕಾನೂನು ಬಂತು, 1976ರಲ್ಲಿ ಕಲ್ಯಾಣ ನಿಧಿ ಬಂತು. ನಮ್ಮ ಮಾವಶಿಯ ಬಳಿ ಬೀಡಿ ಕಟ್ಟುತ್ತಿದ್ದ ಕಾಲದ ಕಾರ್ಡೂ ಇತ್ತು. ಮಾವಶಿಯಾದ ಮೇಲೆ ಕೈಗೆ ಬಂದದ್ದು ಬ್ಯೂರೊ ತನ್ನ ಪಾಲು ಮುರಿದುಕೊಂಡು ಕೊಟ್ಟ ದುಡ್ಡು ಮಾತ್ರ. ರೋಗಿ ತೀರಿಕೊಂಡರೆ ಅವತ್ತಿಗೆ ಸಂಬಳವೂ ನಿಂತಿತು.

ನಿಮ್ಮ ಮನೆಗೂ ಮಾವಶಿ ಬರುತ್ತಿದ್ದರೆ, ನೀವು ಕೊಟ್ಟದ್ದರಲ್ಲಿ ಅವರ ಕೈಗೆ ಎಷ್ಟು ಸೇರುತ್ತದೆಂದು ಕೇಳಿ. ವಾರಕ್ಕೊಂದು ರಜೆ ಕೊಡಿ, ಆ ದಿನದ ಸಂಬಳ ಮುರಿಯಬೇಡಿ.