ಮುಖ ಕೊಟ್ಟು ಮಾತು

ಮಳೆಗಾಲ ಹಿಡಿಯಿತೆಂದರೆ ದಾಸವಾಳದ ಗಿಡವೊಂದನ್ನಾದರೂ ಮನೆಗೆ ತರದೆ ನನಗೆ ಸಮಾಧಾನವಿಲ್ಲ. ತರಲು ಹೋಗುವುದು ಇಂದಿರಾನಗರದ ಮಗ್ಗುಲಿನ ಜೀವನ್ ಭೀಮಾ ನಗರದ ಎಪಿಡಿ ಸಂಸ್ಥೆಯ ತೋಟಕ್ಕೆ. ಗಾಲಿಕುರ್ಚಿಯಲ್ಲೇ ಓಡಾಡುತ್ತಿದ್ದ ಎನ್.ಎಸ್. ಹೇಮಾ ಅವರು 1959ರಲ್ಲಿ ಕಟ್ಟಿದ ಸಂಸ್ಥೆ ಅದು. ಇಲ್ಲಿ ಅಂಗವಿಕಲರಿಗೆ ತೋಟಗಾರಿಕೆ ಕಲಿಸುತ್ತಾರೆ. ಈ ಸಲ ಗಿಡ ತೋರಿಸಿದ ಹುಡುಗನಿಗೆ ಕಿವಿ ಕೇಳದು. ನಾನು ಕುಂಡದ ಕಡೆ ಬಗ್ಗಿಕೊಂಡೇ, "ಎಷ್ಟು ನೀರು ಹಾಕ್ಬೇಕಪ್ಪಾ?" ಅಂದೆ. ಆತ ಮೆಲ್ಲಗೆ ನನ್ನ ತೋಳು ಮುಟ್ಟಿ, ತನ್ನ ಕಣ್ಣನ್ನೂ ನನ್ನ ತುಟಿಯನ್ನೂ ತೋರಿಸಿದ. ಮುಖ ಕೊಟ್ಟು ಮಾತಾಡಬೇಕು ಅಂತ ಹಿರಿಯರು ಹೇಳುತ್ತಿದ್ದ ಮಾತು ಅಕ್ಷರಶಃ ನನ್ನೆದುರು ನಿಂತಿತ್ತು.

ಹಲಸೂರಿನ ನಮ್ಮ ಬೀದಿ ನೆನಪಾಯಿತು. ಬಾದಾಮಿ ಮರದ ಕೆಳಗೆ ಗಾಡಿ ಹಾಕಿ ಇಸ್ತ್ರಿ ಮಾಡುತ್ತಿದ್ದವರು ಹುಟ್ಟಿನಿಂದಲೇ ಕಿವುಡರು. ಬೀದಿಗೆಲ್ಲ 'ಮೂಗ', ಅಮ್ಮನಿಗೆ ಮಾತ್ರ 'ಇಸ್ತ್ರಿ ಅಣ್ಣ'. ಅಮ್ಮ ಬಟ್ಟೆಗಂಟು ಹೊತ್ತು ಹೋದವಳು ಬೆರಳ ಗೆಣ್ಣಿನಿಂದ ಹಲಗೆಯನ್ನು ಎರಡು ಸಲ ತಟ್ಟುತ್ತಿದ್ದಳು. ಆ ಕಂಪನ ಅವರ ಅಂಗೈ ಸೇರಿ, ಕೆಂಡದ ಪೆಟ್ಟಿಗೆಯನ್ನು ಬದಿಗಿಟ್ಟು ಅವರು ತಲೆಯೆತ್ತಿದ ಮೇಲೆಯೇ ಸಂಭಾಷಣೆ: ಲೆಕ್ಕಕ್ಕೆ ಬೆರಳು, ಸೀರೆಯ ಮಡಿಕೆಗೆ ಅಂಗೈಯಂಚು, ಉಳಿದದ್ದೆಲ್ಲ ಎಲ್ಲರೊಡನೆ ಆಡುವ ಹಾಗೆಯೇ ಬಾಯಿಮಾತು. ನಾನೊಮ್ಮೆ ಗಟ್ಟಿಯಾಗಿ ಕೂಗಿದ್ದಕ್ಕೆ, "ಅವರಿಗೆ ದನಿ ಕೇಳಲ್ಲ ಕಣೋ, ಕೂಗಿದ್ರೆ ನಿನ್ನ ಸಿಟ್ಟಿನ ಮುಖ ಒಂದೇ ಕಾಣೋದು" ಅಂದಿದ್ದಳು.

ಇದು ಕಿವಿಯೊಂದರ ವಿಷಯವಲ್ಲ. ಶಿವಾಜಿನಗರದ ಹೋಟೆಲೊಂದರಲ್ಲಿ, ಗಾಲಿಕುರ್ಚಿಯಲ್ಲಿ ಕೂತ ಗೆಳೆಯ ಎದುರಿಗೇ ಇರುವಾಗ, ಮಾಣಿ ನನ್ನನ್ನು ಕೇಳಿದ: "ಇವರಿಗೇನು ಕೊಡ್ಲಿ ಸಾರ್?" ಗೆಳೆಯನೇ ಮಸಾಲೆ ದೋಸೆ ಹೇಳಿದ, ತಿಂದು ಹೊರಟಾಗ, ಕೇಳದೆಯೇ ಕುರ್ಚಿ ತಳ್ಳಲು ಬಂದ ಇನ್ನೊಬ್ಬರನ್ನು ನಯವಾಗಿ ತಡೆದ. ಎಳೆಯುವುದಾಗಲಿ ತಳ್ಳುವುದಾಗಲಿ ಅವನ ದೇಹವನ್ನೇ ಮುಟ್ಟಿದಂತೆ. ಕಾಯಿದೆಗಳೇನೋ ಬಂದಿವೆ: ಅಂಗವಿಕಲರಿಗಾಗಿ 1995ರಲ್ಲಿ ಬಂದದ್ದು 7 ಬಗೆಯ ಅಂಗವೈಕಲ್ಯ ಹೆಸರಿಸಿತ್ತು, 2016ರದ್ದು 21; ಸಂಜ್ಞಾಭಾಷೆಗೂ ಅದರಲ್ಲಿ ಜಾಗವಿದೆ. 2011ರಲ್ಲಿ ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆಗೆ ಮೆಟ್ರೊ ಬಂದಾಗ ಲಿಫ್ಟೂ ಬಂತು, ಕಣ್ಣು ಕಾಣದವರ ಪಾದಕ್ಕೆ ದಾರಿ ಹೇಳುವ ಹಳದಿ ಉಬ್ಬುಹಾಸೂ ಬಂತು. ಆ ಹಾಸಿನ ಮೇಲೆ ಚೀಲವಿಟ್ಟು ನಿಲ್ಲದಿರುವುದು ಮಾತ್ರ ನಮ್ಮ ಪಾಲಿನ ಕೆಲಸ.

ಅಂದಹಾಗೆ, ನೀರಿನ ಪ್ರಶ್ನೆಗೆ ಆ ಹುಡುಗ ಉತ್ತರ ಕೊಟ್ಟ. ತೋರುಬೆರಳನ್ನು ಒಂದು ಗೆಣ್ಣಿನಷ್ಟು ಮಣ್ಣಿಗಿಳಿಸಿ, ಹಸಿಯಿದ್ದರೆ ಬೇಡ, ಒಣಗಿದ್ದರೆ ಹಾಕು ಅಂತ ಸನ್ನೆ ಮಾಡಿದ. ದಾಸವಾಳ ಈಗ ಮೊಗ್ಗು ಬಿಟ್ಟಿದೆ. ತಂಬಿಗೆ ಬಗ್ಗಿಸುವ ಮುಂಚೆ ದಿನವೂ ಗಿಡವನ್ನೇ ಕೇಳುತ್ತೇನೆ.