ಹಳೆಯ ಕೋಲು, ಹೊಸ ದಾರ

ಫ್ಲೈ ಫಿಶಿಂಗ್‌ನಲ್ಲಿ ಗಾಳವನ್ನು ದೂರಕ್ಕೆ ಒಯ್ಯುವುದು ದಾರದ ತೂಕ. ಸಾಮಾನ್ಯವಾಗಿ ಗಾಳ ಎಸೆಯುವಾಗ ಸೀಸದ ಗುಂಡೋ ಲೋಹದ ಹುಸಿಮೀನೋ ತನ್ನ ಭಾರದಿಂದ ಹಾರಿ, ತೆಳ್ಳನೆಯ ದಾರವನ್ನು ಬೆನ್ನಿಗೆ ಎಳೆದುಕೊಂಡು ಹೋಗುತ್ತದೆ. ಇಲ್ಲಿ ಹಾಗಲ್ಲ. ಗರಿ, ತುಪ್ಪಳ, ನೂಲು ಸುತ್ತಿ ಕಟ್ಟಿದ ಹುಸಿನೊಣಕ್ಕೆ ಹೇಳಿಕೊಳ್ಳುವಂಥ ತೂಕವೇ ಇರುವುದಿಲ್ಲ. ದಪ್ಪನೆಯ ಭಾರದ ದಾರ ಗಾಳಿಯಲ್ಲಿ ಹಿಂದಕ್ಕೂ ಮುಂದಕ್ಕೂ ಬಿಚ್ಚಿಕೊಳ್ಳುತ್ತ ಸಾಗಿ, ತುದಿಯಲ್ಲಿರುವ ನೊಣವನ್ನು ನೀರಿನ ಮೇಲೆ ಇಳಿಸುತ್ತದೆ. ಆ ಭಾರಕ್ಕೆ ಬಾಗಿ ಮತ್ತೆ ನೆಟ್ಟಗಾಗುವುದು ಕೋಲಿನ ಕೆಲಸ. ಉಳಿದ ದಾರವನ್ನು ಸುತ್ತಿಟ್ಟುಕೊಳ್ಳುವುದು ರೀಲಿನ ಕೆಲಸ. ಜೋಪಾನ ಮಾಡಿದರೆ ಕೋಲೂ ರೀಲೂ ದಶಕಗಳ ಕಾಲ ಬಾಳುತ್ತವೆ. ಬೇಗ ಹಾಳಾಗುವುದು ದಾರ. ಆದ್ದರಿಂದ ಹೊಸದಾಗಿ ಕಲಿಯುವವರು ಕೋಲು, ರೀಲುಗಳನ್ನು ಧೈರ್ಯವಾಗಿ ಸೆಕೆಂಡ್‌ಹ್ಯಾಂಡ್ ಕೊಳ್ಳಬಹುದು. ದಾರವನ್ನು ಮಾತ್ರ ಹೊಸದೇ ಕೊಳ್ಳಬೇಕು.

ಅಮೆರಿಕ, ಬ್ರಿಟನ್ನುಗಳ ಹಳೆಯ ಸಾಮಾನಿನ ಸಂತೆಗಳಲ್ಲಿ ಮೂರು ಬಗೆಯ ಕೋಲುಗಳು ಸಿಗುತ್ತವೆ. ಮೊದಲನೆಯದು ಸೀಳುಬಿದಿರಿನದು. ಪೆನ್ಸಿಲ್ವೇನಿಯಾದ ಈಸ್ಟನ್ ಊರಿನ ಬಂದೂಕು ತಯಾರಕ ಸ್ಯಾಮ್ಯುಯೆಲ್ ಫಿಲಿಪ್ 1840ರ ದಶಕದಲ್ಲಿ ಬಿದಿರನ್ನು ಸೀಳಿ, ಸೀಳುಗಳನ್ನು ಅಂಟಿಸಿ ಕೋಲು ಮಾಡಿದ. ಮೇನ್ ರಾಜ್ಯದ ಹೈರಮ್ ಲೆನರ್ಡ್ ಆರು ಸೀಳುಗಳ ಕೋಲನ್ನು ಹೆಸರುವಾಸಿಯಾಗಿಸಿದ. ಆರಂಭದ ಆ ಕೋಲುಗಳಿಗೆ ಬಿದಿರು ಹೋಗುತ್ತಿದ್ದುದು ಭಾರತದಿಂದ. ವ್ಯಾಪಾರದಲ್ಲಿ ಅದಕ್ಕೆ ಕಲ್ಕತ್ತಾ ಕೇನ್ ಎಂದು ಹೆಸರು. ಮುಂದೆ ಚೀನಾದ ಗ್ವಾಂಗ್‌ಡಾಂಗ್ ಪ್ರಾಂತದ ಟೊಂಕಿನ್ ಬಿದಿರು ಅದರ ಜಾಗ ಹಿಡಿಯಿತು. ಎರಡನೆಯ ಮಹಾಯುದ್ಧದ ಬೆನ್ನಿಗೆ ಫೈಬರ್‌ಗ್ಲಾಸ್ ಬಂತು. 1950ರಲ್ಲಿ ಅಮೆರಿಕ ಚೀನಾದ ಸರಕನ್ನು ನಿಷೇಧಿಸಿದಾಗ ಬಿದಿರು ದುರ್ಲಭವಾಗಿ ಗಾಜಿನ ಕೋಲು ಮನೆಮಾತಾಯಿತು. 1973ರ ಹೊತ್ತಿಗೆ ಫೆನ್‌ವಿಕ್ ಕಂಪನಿ ಗ್ರಾಫೈಟ್ ಕೋಲನ್ನು ಮಾರುಕಟ್ಟೆಗೆ ತಂದಿತು. ಈಗ ಎಲ್ಲೆಡೆ ಅದರದೇ ಚಲಾವಣೆ.

ಕಲಿಯುವವರಿಗೆ ಬಿದಿರು ಮೊದಲ ಆಯ್ಕೆಯಲ್ಲ. ಒಳ್ಳೆಯದಕ್ಕೆ ಬೆಲೆ ಹೆಚ್ಚು, ಅಗ್ಗದ್ದರ ರಿಪೇರಿಗೆ ಪಳಗಿದ ಕೈ ಬೇಕು. ಫೈಬರ್‌ಗ್ಲಾಸ್ ಗಟ್ಟಿ, ನಿಧಾನವಾಗಿ ಬಾಗುತ್ತದೆ, ಹೊಸಬರ ತಪ್ಪುಗಳನ್ನು ತಾಳಿಕೊಳ್ಳುತ್ತದೆ. ಗ್ರಾಫೈಟ್ ಹಗುರ, ಚುರುಕು. ಆದರೆ ಪೆಟ್ಟು ತಿಂದ ಕಡೆ ಕಣ್ಣಿಗೆ ಕಾಣದ ಬಿರುಕು ಉಳಿದು, ಇನ್ನೊಂದು ದಿನ ಮೀನಿನ ಎಳೆತಕ್ಕೆ ಪಟ್ಟನೆ ಮುರಿಯಬಹುದು. ಎಂಟರಿಂದ ಒಂಬತ್ತು ಅಡಿ ಉದ್ದದ ಫೈಬರ್‌ಗ್ಲಾಸ್ ಅಥವಾ ಗ್ರಾಫೈಟ್ ಕೋಲು ಕಲಿಕೆಗೆ ಹದವಾದದ್ದು.

ಕೋಲಿನ ಹಿಡಿಯ ಮೇಲ್ಗಡೆ ಬರೆದ ಅಂಕಿಯನ್ನು ಮೊದಲು ಓದಬೇಕು. ಯಾವ ತೂಕದ ದಾರಕ್ಕೆ ಆ ಕೋಲು ಹೊಂದುತ್ತದೆಂದು ಅದು ಹೇಳುತ್ತದೆ. 1961ರಲ್ಲಿ ಅಮೆರಿಕದ ತಯಾರಕರ ಸಂಘ ಜಾರಿಗೆ ತಂದ ಕ್ರಮದಂತೆ ದಾರದ ಮೊದಲ 30 ಅಡಿಯ ತೂಕವೇ ಅಳತೆ. 5ನೇ ನಂಬರಿಗೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ. 8ನೇ ನಂಬರಿಗೆ 210 ಗ್ರೇನ್. ಅದಕ್ಕೂ ಹಿಂದಿನ ಕೋಲುಗಳಲ್ಲಿ ಎಚ್‌ಡಿಎಚ್, ಎಚ್‌ಸಿಎಚ್ ಎಂಬಂಥ ಅಕ್ಷರಗಳಿರುತ್ತವೆ. ಅವು ರೇಷ್ಮೆ ದಾರದ ದಪ್ಪವನ್ನು ಸೂಚಿಸುತ್ತಿದ್ದವು. ಎಚ್‌ಡಿಎಚ್ ಇಂದಿನ 6ಕ್ಕೆ, ಎಚ್‌ಸಿಎಚ್ 7ಕ್ಕೆ ಹತ್ತಿರ.

ಯಾವ ನಂಬರು ಬೇಕೆಂಬುದನ್ನು ಮೀನು ನಿರ್ಧರಿಸುತ್ತದೆ. ತಣ್ಣೀರಿನ ಟ್ರೌಟ್‌ಗೆ 5 ಅಥವಾ 6 ಸಾಕು. ಭಾರತದಲ್ಲಿ ಟ್ರೌಟ್ ವಲಸೆ ಬಂದ ಮೀನು. ಕಾಶ್ಮೀರ, ಕುಲು, ನೀಲಗಿರಿಯ ಹೊಳೆಗಳಿಗೆ ಬ್ರಿಟಿಷರು 1900ರ ಆಸುಪಾಸಿನಲ್ಲಿ ಅದನ್ನು ತಂದು ಬಿಟ್ಟರು. ಕರ್ನಾಟಕದ ನದಿಗಳ ದೊಡ್ಡ ಮೀನು ಮಹಶೀರ್. ದಕ್ಷಿಣ ಕನ್ನಡದ ಕಲೆಕ್ಟರ್ ಆಗಿದ್ದ ಎಚ್. ಎಸ್. ಥಾಮಸ್ ಬರೆದ ‘ದಿ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನಲ್ಲೇ ಪ್ರಕಟವಾಯಿತು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಮಹಶೀರ್‌ಗೆ ನೊಣ ಕಟ್ಟುವವರು 8ನೇ ನಂಬರಿಗಿಂತ ಕಡಿಮೆಯ ಕೋಲು ಹಿಡಿಯಬಾರದು. ಆದರೆ ಕಾವೇರಿಯ ಡುಬ್ಬದ ಮಹಶೀರ್ 2018ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ, ವನ್ಯಜೀವಿ ಧಾಮಗಳಲ್ಲಿ ಗಾಳ ಹಾಕುವಂತಿಲ್ಲ. ಎಲ್ಲಿಯೇ ಆದರೂ ಕೋಲು ಕೊಳ್ಳುವ ಮೊದಲು ಆ ನೀರಿನ ಪರವಾನಗಿಯ ನಿಯಮ ತಿಳಿದುಕೊಳ್ಳುವುದು ಮೀನಿನ ಮೇಲೆ ಪ್ರೀತಿಯಿರುವವರ ಕರ್ತವ್ಯ.

ಹಳೆಯ ಕೋಲನ್ನು ಬುಡದಿಂದ ತುದಿಯವರೆಗೆ ಪರೀಕ್ಷಿಸಬೇಕು. ತುಂಡುಗಳನ್ನು ಬಿಚ್ಚಿ ಪಕ್ಕಪಕ್ಕ ಇಟ್ಟು ಉದ್ದ ನೋಡುವುದು ಮೊದಲ ಹೆಜ್ಜೆ. ತುದಿಯ ತುಂಡು ಗಿಡ್ಡವಾಗಿದ್ದರೆ ಎಂದೋ ಮುರಿದು ಸರಿಮಾಡಿದ್ದಾರೆಂದು ಅರ್ಥ. ಬಿದಿರಿನ ಕೋಲಿನಲ್ಲಿ ತುಂಡುಗಳನ್ನು ಕೂಡಿಸುವ ಲೋಹದ ಕೊಳವೆಗಳು ಬಿಗಿಯಾಗಿ ಕೂತು, ಎಳೆದಾಗ ಪುಟ್ಟ ಸದ್ದಿನೊಂದಿಗೆ ಬಿಡಬೇಕು. ಮೆಲ್ಲಗೆ ಅಲುಗಿಸಿದಾಗ ಕಟಕಟ ಎಂದರೆ ಕೊಳವೆ ಸಡಿಲವಾಗಿದೆ ಅಥವಾ ಸೀಳುಗಳ ಅಂಟು ಬಿಟ್ಟಿದೆ. ಒಳಸೇರುವ ಕಡ್ಡಿಯಿಂದ ಕೂಡುವ ಗಾಜು ಮತ್ತು ಗ್ರಾಫೈಟ್ ಕೋಲುಗಳಲ್ಲಿ, ಜೋಡಿಸಿದ ಮೇಲೂ ಎರಡು ತುಂಡುಗಳ ನಡುವೆ ಸ್ವಲ್ಪ ಸಂದು ಕಾಣುವುದು ಸರಿಯಾದ ಲಕ್ಷಣ. ಸಂದು ಪೂರ್ತಿ ಮುಚ್ಚಿದ್ದರೆ ಕೂಡುಕಡ್ಡಿ ಸವೆದಿದೆ. ದಾರ ಹಾಯುವ ಉಂಗುರಗಳೊಳಗೆ ಹತ್ತಿಯ ಎಳೆ ಎಳೆದು ನೋಡಬೇಕು. ಎಳೆ ಸಿಕ್ಕಿಕೊಂಡರೆ ಅಲ್ಲಿ ಗೀರು ಬಿದ್ದಿದೆ, ಆ ಗೀರು ಹೊಸ ದಾರವನ್ನು ಕೊರೆಯುತ್ತದೆ. ಉಂಗುರ ಬದಲಿಸುವುದು, ಕಾರ್ಕಿನ ಹಿಡಿಯ ಕೊಳೆ ತೆಗೆಯುವುದು ಸುಲಭದ ಕೆಲಸ. ಕೋಲಿನ ಮೈಯಲ್ಲಿ ಬಿರುಕಿದ್ದರೆ ಬೆಲೆ ಎಷ್ಟೇ ಕಡಿಮೆಯಿರಲಿ, ಬಿಟ್ಟುಬಿಡಬೇಕು.

ರೀಲಿನ ಆಯ್ಕೆ ಇನ್ನೂ ಸರಳ. ಇಂಗ್ಲೆಂಡಿನ ಆಲ್ನಿಕ್ ಊರಿನ ಹಾರ್ಡಿ ಕಂಪನಿಯ ‘ಪರ್ಫೆಕ್ಟ್’ 1890ರ ದಶಕದಿಂದಲೂ ಹೆಸರಾದದ್ದು, ಅದರ ಬೆಲೆಯೂ ಸಂಗ್ರಾಹಕರ ಬೆಲೆ. ಅಮೆರಿಕದ ಫ್ಲ್ಯೂಗರ್ ‘ಮೆಡಲಿಸ್ಟ್’ ದಶಕಗಳ ಕಾಲ ಅಪಾರ ಸಂಖ್ಯೆಯಲ್ಲಿ ತಯಾರಾದ್ದರಿಂದ ಅಗ್ಗವಾಗಿ ಸಿಗುತ್ತದೆ, ಬಿಡಿಭಾಗಗಳೂ ದೊರೆಯುತ್ತವೆ. 1494 ಎಂಬ ಮಾದರಿ 5, 6ನೇ ನಂಬರಿನ ದಾರಕ್ಕೆ ಒಪ್ಪುತ್ತದೆ. ರೀಲನ್ನು ಕೈಯಲ್ಲಿ ತಿರುಗಿಸಿ ನೋಡಿದಾಗ ಸುರುಳಿ ಚೌಕಟ್ಟಿಗೆ ಎಲ್ಲಿಯೂ ಉಜ್ಜಬಾರದು. ಉಜ್ಜಿದರೆ ಎಂದೋ ಬಿದ್ದು ಸೊಟ್ಟಗಾಗಿದೆ. ಟಿಕಟಿಕ ಸದ್ದು ಮಾಡುವ ನಾಲಿಗೆಯೂ ಸ್ಪ್ರಿಂಗೂ ಸವೆದಿರಬಾರದು. ಅಲ್ಯೂಮಿನಿಯಂ ಮೇಲೆ ಬಿಳಿ ಪುಡಿ ಎದ್ದಿದ್ದರೆ ಉಪ್ಪುನೀರು ತಿಂದಿದೆ. ಹಳೆಯ ಒಡೆಯರು ಕೋಲಿಗೆ ಕೂರಲೆಂದು ರೀಲಿನ ಪಾದವನ್ನು ಅರದಿಂದ ಉಜ್ಜಿರುವುದುಂಟು. ಅದರಿಂದ ಬೆಲೆ ಇಳಿಯುತ್ತದೆ, ಬಳಕೆಗೆ ತೊಂದರೆಯಿಲ್ಲ. ಮನೆಗೆ ತಂದ ಮೇಲೆ ಬಿಚ್ಚಿ, ಉಗುರುಬೆಚ್ಚಗಿನ ಸೋಪುನೀರಿನಲ್ಲಿ ಹಳೆಯ ಬ್ರಷ್ಷಿನಿಂದ ತೊಳೆದು ಒಣಗಿಸಿ, ಹನಿ ಎಣ್ಣೆ ಬಿಟ್ಟರೆ ಬಹುಪಾಲು ರೀಲುಗಳು ಸುಸೂತ್ರವಾಗಿ ತಿರುಗುತ್ತವೆ.

ಉಳಿಸಿದ ಹಣ ದಾರಕ್ಕೆ ಹೋಗಲಿ. ಹಳೆಯ ರೀಲಿನೊಂದಿಗೆ ಬರುವ ದಾರ ಸುರುಳಿಯ ಆಕಾರವನ್ನೇ ಉಳಿಸಿಕೊಂಡಿರುತ್ತದೆ, ಮೇಲ್ಪದರ ಬಿರಿದು ನೀರಿನಲ್ಲಿ ಮುಳುಗುತ್ತದೆ. ಅಂಥದ್ದರಿಂದ ಕಲಿಯಹೊರಟವರು ದಾರದ ದೋಷವನ್ನು ತಮ್ಮ ಕೈಯ ದೋಷವೆಂದು ತಿಳಿದು ಸೋತುಬಿಡುತ್ತಾರೆ. ಮುಂಭಾಗ ಭಾರವಿರುವ ತೇಲುವ ದಾರ ಕೋಲಿನ ನಂಬರಿಗೆ ಸರಿಯಾಗಿದ್ದರೆ ಕಲಿಕೆ ಅರ್ಧ ಹಗುರ. ಅದರ ತುದಿಗೆ ಒಂಬತ್ತು ಅಡಿಯ, ಬರಬರುತ್ತ ಸಣ್ಣಗಾಗುವ ನೈಲಾನ್ ಎಳೆ ಕಟ್ಟಬೇಕು. ಹಳೆಯ ಡಬ್ಬಿಗಳಲ್ಲಿ ಸಿಗುವ ನೊಣಗಳ ಗರಿಯನ್ನು ನುಸಿ ತಿಂದಿರುತ್ತದೆ, ಕೊಕ್ಕೆಗೆ ತುಕ್ಕು ಹಿಡಿದಿರುತ್ತದೆ. 1922ರಲ್ಲಿ ಮಿಶಿಗನ್‌ನಲ್ಲಿ ಲೆನ್ ಹ್ಯಾಲಡೇ ಕಟ್ಟಿದ ‘ಆಡಮ್ಸ್’, ಇಂಗ್ಲೆಂಡಿನ ಏವನ್ ನದಿಯ ಕಾವಲುಗಾರ ಫ್ರ್ಯಾಂಕ್ ಸಾಯರ್ ನೂಲಿನ ಬದಲು ತಾಮ್ರದ ತಂತಿ ಸುತ್ತಿ ರೂಪಿಸಿದ ‘ಫೆಸೆಂಟ್ ಟೇಲ್’, ಇಂಥ ಕೆಲವೇ ಹೊಸ ನೊಣಗಳಿಂದ ಆರಂಭಿಸಬಹುದು.

ನೀರಿಗಿಳಿಯುವಾಗ ತೊಡುವ ಹಳೆಯ ಬೂಟುಗಳ ಮಾತು ಬೇರೆ. ಫೆಲ್ಟ್ ಅಡಿಯ ಬೂಟು ಒಂದು ನದಿಯ ಪಾಚಿಯನ್ನೂ ರೋಗಾಣುವನ್ನೂ ಇನ್ನೊಂದು ನದಿಗೆ ಹೊತ್ತೊಯ್ಯುತ್ತದೆ. ಡಿಡಿಮೊ ಎಂಬ ಪಾಚಿಗೆ ಹೆದರಿ ನ್ಯೂಜಿಲೆಂಡ್ 2008ರಲ್ಲಿ ಅದನ್ನು ನಿಷೇಧಿಸಿತು. ರಬ್ಬರ್ ಅಡಿಯದನ್ನೇ ಕೊಂಡು, ಪ್ರತಿ ಸಲವೂ ತೊಳೆದು ಪೂರ್ತಿ ಒಣಗಿಸಬೇಕು.

ಮೊದಲ ಅಭ್ಯಾಸಕ್ಕೆ ನದಿ ಬೇಕಿಲ್ಲ. ಬಯಲಿನ ಹುಲ್ಲಿನ ಮೇಲೆ, ನೊಣದ ಬದಲು ಉಲ್ಲನ್ನಿನ ತುಣುಕು ಕಟ್ಟಿ, 30 ಅಡಿ ದಾರ ಹೊರಗೆ ಬಿಟ್ಟು ಎಸೆಯುವುದನ್ನು ರೂಢಿಸಿಕೊಳ್ಳಬೇಕು. ದಾರ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಕಾಯುವುದೇ ಇಲ್ಲಿನ ಮುಖ್ಯ ಪಾಠ. ಗ್ರಾಫೈಟ್‌ನಲ್ಲಿ ವಿದ್ಯುತ್ ಹರಿಯುವುದರಿಂದ ತಲೆಯ ಮೇಲೆ ವಿದ್ಯುತ್ ತಂತಿಯಿರುವ ಕಡೆ, ಸಿಡಿಲಿನ ಹೊತ್ತಿನಲ್ಲಿ ಕೋಲು ಎತ್ತಬಾರದು. ಕೆಲಸ ಮುಗಿದ ಮೇಲೆ ಕೋಲನ್ನು ಒರೆಸಿ, ಪೂರ್ತಿ ಒಣಗಿದ ನಂತರವೇ ಚೀಲಕ್ಕೆ ಹಾಕಬೇಕು. ಹೀಗೆ ನೋಡಿಕೊಂಡ ಹಳೆಯ ಕೋಲು ಕೊಂಡವರ ಕಲಿಕೆಯನ್ನು ಪೂರೈಸಿ, ಅವರ ನಂತರ ಕಲಿಯುವವರಿಗೂ ಉಪಯೋಗಕ್ಕೆ ಬರುತ್ತದೆ.