ಮನೆಗೂ ಒಂದು ಪಾಲು

ನನ್ನ ಬಾಲ್ಯ ಕಳೆದುದು ಕಮಲಾಪುರದಲ್ಲಿ. ಕಲಬುರಗಿಯಿಂದ ಹುಮನಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಬಸ್ಸಿನಲ್ಲಿ ಸುಮಾರು ಒಂದು ಗಂಟೆ ಪ್ರಯಾಣ ಮಾಡಿದರೆ ಆ ಊರು ಸಿಗುತ್ತದೆ. ಇಂದು ಅದು ತಾಲ್ಲೂಕು ಕೇಂದ್ರ. ಅಂದು ಕೆಂಪು ಬಾಳೆಯ ತೋಟಗಳಿಂದ ಹೆಸರಾಗಿದ್ದ ಒಂದು ದೊಡ್ಡ ಹಳ್ಳಿ. ನಮಗೂ ಅಲ್ಲಿ ಸ್ವಲ್ಪ ಬಾಳೆಯ ತೋಟವಿತ್ತು. ಕಲ್ಲು ಮಣ್ಣುಗಳಿಂದ ಕಟ್ಟಿದ ದಪ್ಪ ಗೋಡೆಗಳ, ಮಣ್ಣಿನ ಮಾಳಿಗೆಯ ಒಂದು ಹಳೆಯ ಮನೆಯಿತ್ತು. ಆ ಮನೆಯ ಯಜಮಾನಿಕೆ ನನ್ನ ಅಜ್ಜಿಯದು. ನಮ್ಮ ಕಡೆಯ ವಾಡಿಕೆಯಂತೆ ನಾವೆಲ್ಲರೂ ಆಕೆಯನ್ನು ‘ಆಯಿ’ ಎಂದು ಕರೆಯುತ್ತಿದ್ದೆವು.

ಆಯಿಗೆ ಅಕ್ಷರ ಬಾರದು. ಆದರೆ ಲೆಕ್ಕ ಚೆನ್ನಾಗಿ ಬರುತ್ತಿತ್ತು. ಬಾಳೆಗೊನೆ ಮಾರಿ ಬಂದ ಹಣವನ್ನು ಪಡಸಾಲೆಯಲ್ಲಿ ಹರಡಿಕೊಂಡು ಆಕೆ ಪಾಲು ಮಾಡುತ್ತಿದ್ದಳು. ಒಂದು ಪಾಲು ಜೋಳಕ್ಕೆ, ಒಂದು ಬಟ್ಟೆಬರೆಗೆ, ಒಂದು ಮುಂದಿನ ಬೆಳೆಗೆ. ಕಡೆಯಲ್ಲಿ ಕೆಲವು ನಾಣ್ಯಗಳನ್ನು ಎತ್ತಿ ಗೂಡಿನಲ್ಲಿದ್ದ ತಗಡಿನ ಡಬ್ಬಿಗೆ ಹಾಕುತ್ತಿದ್ದಳು. ಅದು ಯಾರ ಪಾಲೆಂದು ನಾನೊಮ್ಮೆ ಕೇಳಿದೆ.

“ಮನಿ ಪಾಲಪ್ಪ ಅದು. ನಾವು ದಿನಾ ಉಣ್ತೀವಿ, ಮನಿ ಉಣ್ಣಬ್ಯಾಡೇನು?” ಎಂದಳು.

ಮನೆ ಉಣ್ಣುವುದೆಂದರೇನೆಂಬುದು ಬೇಸಗೆಯ ಕೊನೆಯಲ್ಲಿ ತಿಳಿಯುತ್ತಿತ್ತು. ಮೃಗಶಿರ ಮಳೆಗೆ ನಮ್ಮ ಕಡೆ ‘ಮಿರಗ’ ಎನ್ನುತ್ತಾರೆ. ಮಿರಗ ಹೂಡುವ ಮೊದಲೇ ಆಯಿ ಡಬ್ಬಿಯನ್ನು ತೆರೆಯುತ್ತಿದ್ದಳು. ಇಬ್ಬರು ಆಳುಗಳು ಮಾಳಿಗೆಯನ್ನೇರಿ ಬೆಳೆದ ಹುಲ್ಲನ್ನು ಕೀಳುತ್ತಿದ್ದರು; ಬಿಸಿಲಿಗೆ ಬಿಟ್ಟ ಬಿರುಕುಗಳನ್ನು ಮುಚ್ಚುತ್ತಿದ್ದರು. ಊರಾಚೆಯ ದಿಬ್ಬದಿಂದ ಬುಟ್ಟಿಬುಟ್ಟಿಯಾಗಿ ತಂದ ಹಾಳುಮಣ್ಣನ್ನು ಹರಡಿ, ನೀರು ಚಿಮುಕಿಸಿ, ಮರದ ಹಲಗೆಯಿಂದ ಬಡಿದು ಗಟ್ಟಿಮಾಡುತ್ತಿದ್ದರು. ನೀರು ಹೊರಹೋಗುವ ದಾರಿಯಲ್ಲಿ ಕಸ ಸಿಕ್ಕಿಕೊಂಡಿದೆಯೇ ಎಂಬುದನ್ನು ಆಯಿ ತಾನೇ ಏಣಿ ಹತ್ತಿ ನೋಡುತ್ತಿದ್ದಳು. ಓಣಿಯ ಅನೇಕ ಮನೆಗಳಲ್ಲಿ ಮಳೆಗಾಲದ ರಾತ್ರಿ ಪಾತ್ರೆಗಳನ್ನು ಇಟ್ಟು ಕುಳಿತಿರುತ್ತಿದ್ದಾಗ ನಾವು ನಿಶ್ಚಿಂತೆಯಿಂದ ನಿದ್ರಿಸುತ್ತಿದ್ದೆವು.

ನನ್ನ ತಂದೆಯವರು ಗುಲಬರ್ಗಾದ ಒಂದು ಬಟ್ಟೆಯಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಕಲಬುರಗಿ ಎಂಬ ಹೆಸರು ಅಧಿಕೃತವಾದುದು 2014ರ ನವೆಂಬರ್ 1ರಂದು. ನಮ್ಮ ಕಾಲದಲ್ಲಿ ಕಾಗದಪತ್ರಗಳಲ್ಲೆಲ್ಲ ಅದು ಗುಲಬರ್ಗಾವೇ ಆಗಿದ್ದಿತು. ಮಕ್ಕಳ ಓದಿಗಾಗಿ ನಗರದಲ್ಲಿ ನೆಲೆಸಬೇಕೆಂಬುದು ತಂದೆಯವರ ಬಹುದಿನದ ಆಸೆ. 1984ರಲ್ಲಿ ಒಬ್ಬ ವ್ಯಕ್ತಿ ಅವರಿಗೆ ನಗರದ ಅಂಚಿನಲ್ಲಿ ಒಂದು ನಿವೇಶನವನ್ನು ತೋರಿಸಿದ. ಬೆಲೆ ಒಂಬತ್ತು ಸಾವಿರ ರೂಪಾಯಿ. ತಾಯಿಯವರ ಬಳೆಗಳನ್ನು ಮಾರಿ, ಅಕ್ಕನ ಕಾಲೇಜಿಗೆಂದು ಕೂಡಿಟ್ಟ ಹಣವನ್ನೂ ಸೇರಿಸಿ ತಂದೆಯವರು ಅಷ್ಟನ್ನೂ ಒಟ್ಟುಮಾಡಿದರು.

ನೋಂದಣಿಯ ಮಾತು ಬಂದಾಗ ಆತ ನಕ್ಕು, “ನಾವು ನಾವು ಇದ್ದೇವಲ್ಲ, ಸರ್ಕಾರಕ್ಕೆ ಸುಮ್ಮನೆ ದುಡ್ಡು ಯಾಕ ಕೊಡ್ತೀರಿ? ಬಾಂಡ್ ಕಾಗದದ ಮ್ಯಾಲ ಬರ್ದು ಕೊಡ್ತೀನಿ” ಎಂದ. ನೋಂದಣಿಯ ವೆಚ್ಚ ಉಳಿಯಿತೆಂದು ತಂದೆಯವರಿಗೆ ಸಂತೋಷವೇ ಆಯಿತು. ಇಬ್ಬರು ಸಾಕ್ಷಿಗಳ ರುಜುವಿದ್ದ ಆ ಕಾಗದವನ್ನು ಅವರು ದೇವರ ಮುಂದಿಟ್ಟು ಪೂಜಿಸಿದರು.

ಎರಡು ವರ್ಷಗಳ ಅನಂತರ, ತಳಪಾಯ ಹಾಕಲು ಗೌಂಡಿಯನ್ನು ಕರೆದುಕೊಂಡು ಹೋದಾಗ ನಮ್ಮ ನಿವೇಶನದ ಸುತ್ತ ಬೇಲಿ ಎದ್ದಿತ್ತು. ಅದನ್ನು ಮತ್ತೊಬ್ಬರು ಕ್ರಮಬದ್ಧವಾಗಿ ನೋಂದಾಯಿಸಿ ಕೊಂಡಿದ್ದರು. ಅವರೂ ನಮ್ಮಂತೆ ದುಡಿದು ಉಳಿಸಿದವರೇ. ನಮ್ಮ ಕಾಗದದ ವಿಷಯ ಅವರಿಗೆ ತಿಳಿದಿರಲಿಲ್ಲ. ಮಾರಿದಾತ ಊರು ಬಿಟ್ಟಿದ್ದ. ವಕೀಲರು ತಂದೆಯವರ ಕಾಗದವನ್ನು ಓದಿ ಮೆಲ್ಲನೆ ಮಡಚಿ ಹಿಂದಿರುಗಿಸಿದರು. ಅದೇ ವರ್ಷ ಅಕ್ಕ ಎಸ್‌.ಎಸ್‌.ಎಲ್‌.ಸಿ.ಯಲ್ಲಿ ಒಳ್ಳೆಯ ಅಂಕಗಳಿಂದ ತೇರ್ಗಡೆಯಾಗಿದ್ದಳು. ಕಾಲೇಜಿಗೆ ಸೇರಲು ಆಕೆ ಎರಡು ವರ್ಷ ಕಾಯಬೇಕಾಯಿತು. ಆ ಎರಡು ವರ್ಷ ಆಕೆ ತೋಟದಲ್ಲಿ ಬಾಳೆಗೆ ನೀರು ಕಟ್ಟಿದಳು. ಒಂದು ದಿನವೂ ತಂದೆಯವರನ್ನು ದೂರಲಿಲ್ಲ. ಆಕೆ ದೂರದಿದ್ದುದೇ ತಂದೆಯವರಿಗೆ ಹೆಚ್ಚಿನ ದುಃಖವಾಗಿತ್ತೆಂದು ನನಗೆ ಈಗ ತೋರುತ್ತದೆ.

ತಂದೆಯವರು ಉಳಿಸಿದೆನೆಂದುಕೊಂಡ ಹಣ ನಿಜವಾಗಿ ಎಂತಹುದು? 1882ರ ಸ್ವತ್ತು ವರ್ಗಾವಣೆ ಅಧಿನಿಯಮದ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಮಾರಾಟ ನೋಂದಾಯಿತ ಪತ್ರದ ಮೂಲಕವೇ ಆಗತಕ್ಕದ್ದು. ಮಾರುವೆನೆಂಬ ಒಪ್ಪಂದ ಮಾರಾಟವಾಗುವುದಿಲ್ಲ. ಅದೊಂದರಿಂದಲೇ ಸ್ವತ್ತಿನ ಒಡೆತನ ದೊರೆಯುವುದಿಲ್ಲ. 1908ರ ನೋಂದಣಿ ಅಧಿನಿಯಮದಂತೆ ನೋಂದಣಿಯಾದ ಪತ್ರದ ನಕಲು ಸರ್ಕಾರದ ದಾಖಲೆಯಲ್ಲಿ ಉಳಿಯುತ್ತದೆ. ಇಂತಹ ನೆಲ ಇಂತಹವರದೆಂಬುದನ್ನು ಶುಲ್ಕ ಕೊಟ್ಟು ಯಾರು ಬೇಕಾದರೂ ನೋಡಬಹುದು. ನೋಂದಣಿಗೆ ತೆರುವ ಹಣ ಆ ನೆಲಕ್ಕೆ ಹಾಕಿದ ಬೇಲಿ. ಬೇಲಿಯ ಖರ್ಚನ್ನು ಉಳಿಸಿ ತಂದೆಯವರು ಹೊಲವನ್ನೇ ಕಳೆದುಕೊಂಡರು.

1991ರಲ್ಲಿ ಅವರು ಮತ್ತೊಂದು ನಿವೇಶನವನ್ನು ನೋಡಿದರು. ಈ ಸಲ ಅಕ್ಕ ಜೊತೆಗಿದ್ದಳು. ಆಗ ಆಕೆ ಬಿ.ಎ. ಓದುತ್ತಿದ್ದಳು. ಒಂದು ನೋಟುಪುಸ್ತಕದಲ್ಲಿ ಕೇಳಬೇಕಾದ ಪ್ರಶ್ನೆಗಳನ್ನೆಲ್ಲ ಬರೆದುಕೊಂಡಿದ್ದಳು. ಮಾರುವವರಿಗೆ ಈ ನೆಲ ಯಾರಿಂದ ಬಂತು? ಅವರಿಗೆ ಯಾರಿಂದ? ಇದರ ಮೇಲೆ ಸಾಲವಿದೆಯೇ? ಸೋದರಿಯರ, ಮಕ್ಕಳ ಹಕ್ಕು ಉಳಿದಿದೆಯೇ? ಕೃಷಿಭೂಮಿಯಾಗಿದ್ದುದನ್ನು ವಸತಿಗೆಂದು ಪರಿವರ್ತಿಸಿದ ಜಿಲ್ಲಾಧಿಕಾರಿಗಳ ಆದೇಶವೆಲ್ಲಿ? ಬಡಾವಣೆಯ ನಕ್ಷೆಗೆ ಮಂಜೂರಾತಿ ಇದೆಯೇ?

ಉಪನೋಂದಣಾಧಿಕಾರಿಗಳ ಕಚೇರಿಯಿಂದ ತಂದೆಯವರು ಋಣಭಾರ ಪ್ರಮಾಣಪತ್ರವನ್ನು ಪಡೆದರು. ಕೇಳಿದ ಅವಧಿಯಲ್ಲಿ ಆ ಸ್ವತ್ತಿನ ಬಗ್ಗೆ ನೋಂದಣಿಯಾದ ಕ್ರಯ, ಅಡಮಾನ, ವಿಭಾಗಗಳೆಲ್ಲವನ್ನೂ ಅದು ತಿಳಿಸುತ್ತದೆ. ಆದರೆ ನೋಂದಣಿಯಾಗದ ವ್ಯವಹಾರಗಳು ಅದರಲ್ಲಿ ಕಾಣಿಸುವುದಿಲ್ಲ. ಆದುದರಿಂದ ಅಕ್ಕ ತಂದೆಯವರನ್ನು ಮೂರು ಬೇರೆ ಬೇರೆ ದಿನ ಆ ಸ್ಥಳಕ್ಕೆ ಕಳುಹಿಸಿ, ನೆಲ ಯಾರ ವಶದಲ್ಲಿದೆಯೆಂದು ನೆರೆಯವರಿಂದ ಕೇಳಿಸಿದಳು. ಮೂಲಪತ್ರಗಳಲ್ಲಿ ಒಂದು ಉರ್ದುವಿನಲ್ಲಿತ್ತು. ನಮ್ಮ ಪ್ರದೇಶ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿದ್ದು, 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತಲ್ಲವೇ? ಹಳೆಯ ಮನೆತನಗಳ ಕಾಗದಗಳು ಹಲವು ಕಡೆ ಆ ಭಾಷೆಯಲ್ಲಿಯೇ ಇವೆ. ನೆರೆಮನೆಯ ನಿವೃತ್ತ ಉರ್ದು ಉಪಾಧ್ಯಾಯರೊಬ್ಬರು ಕನ್ನಡಕ ಏರಿಸಿ ಅದನ್ನು ಸಾಲುಸಾಲಾಗಿ ಓದಿ ಅರ್ಥ ಹೇಳಿದರು. ಅಕ್ಕ ಕನ್ನಡದಲ್ಲಿ ಬರೆದುಕೊಂಡಳು. ಇಷ್ಟೆಲ್ಲ ಆದ ಮೇಲೆಯೇ ಹಣ ಕೈಬದಲಾಯಿತು. ಅದೇ ದಿನ ಪತ್ರ ನೋಂದಣಿಯಾಯಿತು.

ಮನೆ ಕಟ್ಟುವಾಗಲೂ ತಂದೆಯವರು ಎಲ್ಲಿ ಖರ್ಚುಮಾಡಬೇಕು, ಎಲ್ಲಿ ಉಳಿಸಬೇಕು ಎಂಬುದನ್ನು ವಿವೇಚಿಸಿದರು. ನಮ್ಮದು ಎರೆಭೂಮಿ. ಮಳೆಗಾಲದಲ್ಲಿ ಎರೆಮಣ್ಣು ನೀರು ಕುಡಿದು ಉಬ್ಬುತ್ತದೆ; ಬೇಸಗೆಯಲ್ಲಿ ಒಣಗಿ ಕುಗ್ಗಿ ಬಾಯಿ ಬಿಡುತ್ತದೆ. ಅದರ ಮೇಲೆ ಆಳವಿಲ್ಲದ ತಳಪಾಯ ಹಾಕಿದರೆ ನೆಲದೊಡನೆ ಗೋಡೆಯೂ ಏರಿಳಿದು ಬಿರುಕುಬಿಡುತ್ತದೆ. ಗೌಂಡಿಯ ಸಲಹೆಯಂತೆ ಎರೆಮಣ್ಣು ಮುಗಿದು ಗಟ್ಟಿಯಾದ ಮುರುಮ ಸಿಗುವವರೆಗೆ ಅಗೆಸಿದರು. ಗೋಡೆಯ ಸುತ್ತ ನೀರು ನಿಲ್ಲದಂತೆ ಫರಸಿಯನ್ನು ಇಳಿಜಾರಾಗಿ ಹಾಸಿಸಿದರು. ನೆಲದಲ್ಲಿ ಹೂತುಹೋಗುವ ಈ ಹಣವನ್ನು ಕಂಡು ನೆಂಟರು ನಕ್ಕರು. ತಂದೆಯವರು ಬಣ್ಣದ ಹೆಂಚು, ಕೆತ್ತನೆಯ ಬಾಗಿಲುಗಳನ್ನು ಬಿಟ್ಟು, ನೆಲಕ್ಕೆ ನಮ್ಮ ಜಿಲ್ಲೆಯದೇ ಆದ ಶಹಾಬಾದಿನ ಕಲ್ಲನ್ನು ಹಾಸಿಸಿ ಅದೇ ಹಣವನ್ನು ಉಳಿಸಿದರು. ಆ ನೆಲ ಇಂದಿಗೂ ಬೇಸಗೆಯಲ್ಲಿ ತಂಪಾಗಿದೆ.

1993ರ ಸೆಪ್ಟೆಂಬರ್ 30ರ ಬೆಳಗಿನ ಜಾವ, ನಾಲ್ಕು ಗಂಟೆಯ ಹೊತ್ತಿಗೆ, ನೆರೆಯ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿಯ ಬಳಿ ಭೂಕಂಪವಾಯಿತು. ನಮ್ಮ ಹೊಸ ಮನೆಯ ಪಾತ್ರೆಗಳು ಸದ್ದುಮಾಡಿದವು; ಗೋಡೆಗಳಿಗೆ ಏನೂ ಆಗಲಿಲ್ಲ. ಆದರೆ ಕಿಲ್ಲಾರಿಯ ಸುತ್ತಿನ ಹಳ್ಳಿಗಳಲ್ಲಿ ಸಾವಿರಾರು ಜನರು ಮಲಗಿದಲ್ಲಿಯೇ ಮಡಿದರು. ಅವರನ್ನು ಕೊಂದುದು ಅವರವರ ಮನೆಗಳೇ. ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಗಳು ಅಲುಗಾಡಿ ಬಿಚ್ಚಿಕೊಂಡಿದ್ದವು. ಅವುಗಳ ಮೇಲಿದ್ದ ಭಾರವಾದ ಮಣ್ಣಿನ ಮಾಳಿಗೆಗಳು ಕುಸಿದಿದ್ದವು. ಕಮಲಾಪುರದ ನಮ್ಮ ಮನೆಯೂ ಅಂತಹುದೇ ಆಗಿತ್ತು.

ತಂದೆಯವರು ಗೌಂಡಿಯನ್ನು ಕರೆದುಕೊಂಡು ಊರಿಗೆ ಹೋದರು, ನಾನೂ ಹೋದೆ. ಗೌಂಡಿ ಮಾಳಿಗೆಯನ್ನು ಅಗೆದು ನೋಡಿದ. ವರ್ಷವರ್ಷವೂ ಹಾಕಿದ ಮಣ್ಣು ಸೇರಿಕೊಂಡು ಮೊಣಕಾಲೆತ್ತರ ಬೆಳೆದಿತ್ತು. “ಇಷ್ಟು ಭಾರ ಇರಬಾರದು. ಮ್ಯಾಲಿನ ಮಣ್ಣು ಇಳಿಸಬೇಕು. ಗೋಡಿಯೊಳಗ ಅಲ್ಲಲ್ಲಿ ಈ ಕಡಿಯಿಂದ ಆ ಕಡಿಗೆ ಮುಟ್ಟುವ ಉದ್ದನ ಕಲ್ಲು ಕೂಡಿಸಬೇಕು” ಎಂದ.

ಆಯಿ ಅಂಗಳದಲ್ಲಿ ಕುಳಿತು, ತಾನು ಜನ್ಮವೆಲ್ಲ ಏರಿಸಿದ ಮಣ್ಣು ಬುಟ್ಟಿಬುಟ್ಟಿಯಾಗಿ ಇಳಿಯುವುದನ್ನು ನೋಡಿದಳು. ಬಹಳ ಹೊತ್ತು ಮಾತಾಡಲಿಲ್ಲ. ಆಕೆಗೆ ನೋವಾಗಿರಬೇಕೆಂದು ನಾನು ಹತ್ತಿರ ಹೋದೆ. “ಹಾಕೋದು ಕಲ್ತಿದ್ದೆ, ತೆಗಿಯೋದು ಯಾರೂ ಹೇಳಿರಲಿಲ್ಲಪ್ಪ” ಎಂದಳು. ಅನಂತರ ಒಳಗೆ ಹೋಗಿ ತಗಡಿನ ಡಬ್ಬಿಯನ್ನು ತಂದು ಗೌಂಡಿಯ ಕೂಲಿಯನ್ನು ತಾನೇ ಎಣಿಸಿ ಕೊಟ್ಟಳು. ಕಾಳಜಿಯೊಂದಿದ್ದರೆ ಸಾಲದು, ಅದರ ಜೊತೆಗೆ ತಿಳಿವಳಿಕೆಯೂ ಬೇಕೆಂಬುದನ್ನು ಎಂಬತ್ತರ ವಯಸ್ಸಿನಲ್ಲಿ ಆಕೆ ಒಪ್ಪಿಕೊಂಡ ರೀತಿಯನ್ನು ನಾನು ಮರೆಯಲಾರೆ.

ಇಂತಹ ಆಯಿಯ ಮೊಮ್ಮಗನಾಗಿಯೂ ನಾನು ತಪ್ಪಿದೆ. ಈಗ ಕಲಬುರಗಿಯ ಮನೆಯ ಹೊಣೆ ನನ್ನದು. ಛಾವಣಿಯ ಮೂಲೆಯಲ್ಲಿ ಒಂದು ಸಣ್ಣ ಬಿರುಕು ಕಂಡಿತ್ತು. ಮೂರು ಸಾವಿರ ರೂಪಾಯಿಗಳಲ್ಲಿ ಮುಗಿಯುವ ಕೆಲಸವನ್ನು, ಸಿಮೆಂಟಿನ ಛಾವಣಿಗೆ ಏನಾಗುತ್ತದೆ ಎಂದು ಎರಡು ಮಳೆಗಾಲ ಮುಂದೂಡಿದೆ. ಬಿರುಕಿನಲ್ಲಿ ಇಳಿದ ನೀರು ಒಳಗಿನ ಕಬ್ಬಿಣದ ಸರಳನ್ನು ಮುಟ್ಟಿತು. ತುಕ್ಕು ಹಿಡಿದ ಕಬ್ಬಿಣ ಉಬ್ಬುತ್ತದೆ; ಉಬ್ಬಿ ತನ್ನ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. 2020ರ ಅಕ್ಟೋಬರಿನಲ್ಲಿ ನಮ್ಮ ಜಿಲ್ಲೆಯಲ್ಲಿ ಭಾರಿ ಮಳೆಯಾಗಿ ಭೀಮಾ ನದಿ ಉಕ್ಕಿ ಹರಿದ ದಿನಗಳಲ್ಲಿ, ಒಂದು ರಾತ್ರಿ ಛಾವಣಿಯ ಗಿಲಾವು ಚಪ್ಪಡಿಯಾಗಿ ಕಳಚಿ ನನ್ನ ಮಗಳು ಓದುವ ಮೇಜಿನ ಮೇಲೆ ಬಿದ್ದಿತು. ಆಕೆ ನೀರು ಕುಡಿಯಲು ಎದ್ದುಹೋಗಿದ್ದಳು. ದುರಸ್ತಿಗೆ ಎಂಬತ್ತು ಸಾವಿರ ರೂಪಾಯಿ ಆಯಿತು. ಆ ಹಣದ ಲೆಕ್ಕವನ್ನು ನಾನು ಮರೆತೇನು. ಆ ಮೇಜನ್ನು ಮರೆಯಲಾರೆ.

ಇಂದು ಮನೆ ಕೊಳ್ಳುವವರಿಗೆ ತಂದೆಯವರ ಕಾಲದಲ್ಲಿ ಇಲ್ಲದ ರಕ್ಷಣೆಗಳಿವೆ. ಋಣಭಾರ ಪ್ರಮಾಣಪತ್ರವನ್ನು ನೋಂದಣಿ ಇಲಾಖೆಯ ‘ಕಾವೇರಿ’ ಜಾಲತಾಣದ ಮೂಲಕ ಮನೆಯಲ್ಲಿ ಕುಳಿತೇ ಪಡೆಯಬಹುದು. ‘ರೇರಾ’ ಎಂದು ಹೆಸರಾದ 2016ರ ಅಧಿನಿಯಮವು, ನೋಂದಾಯಿತ ಒಪ್ಪಂದವಿಲ್ಲದೆ ಬೆಲೆಯ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಮುಂಗಡವನ್ನು ಪಡೆಯಕೂಡದೆಂದು ತನ್ನ ವ್ಯಾಪ್ತಿಗೆ ಬರುವ ಯೋಜನೆಗಳ ನಿರ್ಮಾಪಕರಿಗೆ ವಿಧಿಸಿದೆ. ಮನೆಯನ್ನು ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಅವರೇ ಸರಿಪಡಿಸಿಕೊಡಬೇಕು. ಬೆಂಕಿ, ನೆರೆ, ಭೂಕಂಪಗಳಿಂದಾಗುವ ನಷ್ಟಕ್ಕಾಗಿ ‘ಭಾರತ್ ಗೃಹ ರಕ್ಷಾ’ ಎಂಬ ವಿಮೆ 2021ರ ಏಪ್ರಿಲಿನಿಂದ ದೊರೆಯುತ್ತಿದೆ. ಆದರೆ ಕೇಳುವವರಿಲ್ಲದಿದ್ದರೆ ಕಾಯಿದೆ ತಾನಾಗಿ ಬಂದು ಬಾಗಿಲಲ್ಲಿ ನಿಲ್ಲುವುದಿಲ್ಲ. ಓದದೆ ರುಜು ಹಾಕುವವರನ್ನು ಯಾವ ಕಾನೂನೂ ಪೂರ್ತಿಯಾಗಿ ಕಾಪಾಡಲಾರದು.

ಅಕ್ಕ ಈಗ ಉಪಾಧ್ಯಾಯಿನಿಯಾಗಿ ನಿವೃತ್ತಳಾಗಿದ್ದಾಳೆ. ಬಂಧುಗಳಲ್ಲಿ ಯಾರೇ ನಿವೇಶನ ಕೊಳ್ಳಲಿ, ಮೊದಲು ಕಾಗದಗಳನ್ನು ಆಕೆಗೆ ತೋರಿಸುತ್ತಾರೆ. ಆಕೆಯ ಹಳೆಯ ನೋಟುಪುಸ್ತಕ ಇನ್ನೂ ಇದೆ. ಆಯಿಯ ತಗಡಿನ ಡಬ್ಬಿ ನನ್ನ ಪಾಲಿಗೆ ಬಂದಿದೆ. ಪ್ರತಿ ತಿಂಗಳು ಸಂಬಳ ಬಂದ ದಿನ ಅದರಲ್ಲಿ ಸ್ವಲ್ಪ ಹಣವನ್ನು ಹಾಕುತ್ತೇನೆ; ಮಿರಗಕ್ಕೆ ಮೊದಲು ಅದನ್ನು ತೆರೆದು, ಮಗಳೊಡನೆ ಛಾವಣಿಯನ್ನೇರಿ, ನೀರು ಹೋಗುವ ದಾರಿಯಲ್ಲಿ ಕಸವಿದೆಯೇ ಎಂದು ನೋಡುತ್ತೇನೆ. ಈ ವರ್ಷ ಡಬ್ಬಿಗೆ ಹಣ ಹಾಕುವುದನ್ನು ನಾನು ಮರೆತಿದ್ದೆ. ಮಗಳೇ ಅದನ್ನು ತಂದು ನನ್ನ ಮುಂದಿಟ್ಟು ಕೇಳಿದಳು: “ಅಪ್ಪಾ, ಮನಿ ಪಾಲು?”